ಕೂದಲೆಳೆಯಷ್ಟು ಕೆಂಪಿನ ಕಡೆಗೆ

ಕನ್ನಡಕದ ಅಂಗಡಿಯಿಂದ
12 ಫೆಬ್ರವರಿ 2001

ಅತ್ತಿಗೆಯವರಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅಣ್ಣ ಮುಂದಿನ ಸಲ ಸಿಕ್ಕಾಗ “ಅತ್ತಿಗೆಗೆ ಒಂದು ಒಳ್ಳೆ ಮಾತು ಬರೆಯೋಕೂ ನಿನ್ನ ಕೈಯಲ್ಲಿ ಆಗ್ಲಿಲ್ವಾ?” ಎಂದು ಶುರು ಹಚ್ಚಿಕೊಳ್ಳುತ್ತಾನೆ.

ಮೊನ್ನೆ ಮಗಳು ಕಾಲೇಜಿನಿಂದ ಓಡಿಕೊಂಡೇ ಅಂಗಡಿಗೆ ಬಂದಳು. “ಅಮ್ಮಾ, ಅತ್ತೆ ಬಗ್ಗೆ ನಾಲ್ಕು ಪುಟ ಬಂದಿದೆ!” ಪತ್ರಿಕೆಯಲ್ಲಿ ನಿಮ್ಮ ಫೋಟೋ ಇತ್ತು. ಹಿಂದೆ ವೀಕ್ಷಣಾಲಯದ ಗುಮ್ಮಟ, ಮುಂದೆ ನೀವು, ಸೀರೆಯ ನೆರಿಗೆ ಒಂದೂ ಅಲುಗಿಲ್ಲ. ಹಾಸ್ಟೆಲಿನಲ್ಲಿ ಕರವಸ್ತ್ರಕ್ಕೂ ಇಸ್ತ್ರಿ ಹಾಕುತ್ತಿದ್ದಿರಿ ಎಂದು ನಿಮ್ಮನ್ನು ‘ಇಸ್ತ್ರಿ’ ಅಂತಲೇ ಕರೆಯುತ್ತಿದ್ದೆವಲ್ಲ, ಅದು ನೆನಪಾಯಿತು. ಮಗಳಿಗೆ ಹೇಳಿದೆ, ಇಬ್ಬರೂ ನಕ್ಕೆವು.

ಮಾರನೆಯ ದಿನ ಅವಳು ನಿಮ್ಮ ಮೂಲ ಪ್ರಬಂಧವನ್ನೇ ನಕಲು ಮಾಡಿಸಿ ತಂದಳು. ಗಿರಾಕಿಗಳ ನಡುವೆ ಬಿಡುವು ಮಾಡಿಕೊಂಡು ಓದಿದೆ. ಎರಡನೆಯ ಪುಟಕ್ಕೇ ನಗು ನಿಂತಿತು. ಪಟ್ಟಿಯಲ್ಲಿ ಮೂರನೆಯದಾಗಿ ಇರುವುದು ನಮ್ಮ ‘ಚಿಟಿಕೆ’. ಚಿಟಿಕೆಯಷ್ಟೇ ಇರುವ ಆ ಕುಬ್ಜ ಗೆಲಾಕ್ಸಿಗೆ ಆ ಹೆಸರಿಟ್ಟವಳು ನಾನು. ಅದರ ಅನಿಲದ ಕಾವು ಹದಿನೆಂಟು ಸಾವಿರದ ಒಂದು ನೂರು ಡಿಗ್ರಿ, ಆಕ್ಸಿಜನ್ ಸೂರ್ಯನಲ್ಲಿರುವುದರ ಮೂವತ್ತರಲ್ಲಿ ಒಂದು ಪಾಲು ಎಂದು ಬರೆದಿದ್ದೀರಿ. ‘ಇದೇ ಮೊದಲ ಬಾರಿಗೆ’ ಎಂಬ ಮಾತನ್ನೂ ಸೇರಿಸಿದ್ದೀರಿ.

ಇಪ್ಪತ್ತೆರಡು ವರ್ಷದ ಹಿಂದೆ, ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ರೋಹಿತದಲ್ಲಿ ಆಕ್ಸಿಜನ್ನಿನ ಒಂದು ಮಂಕು ಗೆರೆ ಹಿಡಿದು ನಾನು ಅಳೆದಾಗ ಬಂದದ್ದು ಹದಿನೇಳು ಸಾವಿರದ ಎಂಟು ನೂರು. ಹೆಚ್ಚುಕಡಿಮೆ ಅದೇ.

ಅವತ್ತು ನಮ್ಮಿಬ್ಬರ ಸಂಶೋಧನೆಯ ಮೇಷ್ಟ್ರು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. “ಇದು ಗೆಲಾಕ್ಸಿ ಅಲ್ಲಮ್ಮಾ, ಬೆಟ್ಟದ ರಸ್ತೆಗೆ ಹೊಸದಾಗಿ ಹಾಕಿದಾರಲ್ಲ, ಆ ದೀಪ. ಪಾದರಸದ ಗೆರೆ. ನಾನು ಹೇಳ್ತಿಲ್ಲ, ನಿನ್ನ ರೂಮಿನವಳೇ ಅಳೆದು ನೋಡಿ ಹೇಳಿದಾಳೆ.” ರೂಮಿನವಳು ಅಂದರೆ ನೀವು. ಅವರ ಮಾತನ್ನು ನಾನು ನಂಬದೆ ಇರಬಹುದಿತ್ತು. ನಿಮ್ಮ ಅಳತೆಯನ್ನು ನಂಬಿದೆ. ಅದೇ ವಾರ ಸಂಶೋಧನೆ ಬಿಟ್ಟು ಗಂಟುಮೂಟೆ ಕಟ್ಟಿದೆ.

ನನ್ನದು ಒಂದೇ ಪ್ರಶ್ನೆ. ಅವತ್ತು ಅಳತೆ ಯಂತ್ರದಲ್ಲಿ ಕಣ್ಣಿಟ್ಟಾಗ ಆ ಗೆರೆ ನಿಮಗೆ ಎಲ್ಲಿ ಕಂಡಿತು?

ನಿಮ್ಮ ನಾದಿನಿ

*

ವೀಕ್ಷಣಾಲಯದಿಂದ
3 ಮಾರ್ಚ್ 2001

ಪ್ರೀತಿಯ ಭೂತಗನ್ನಡಿಗೆ,

ನಿನ್ನ ಹಾಸ್ಟೆಲಿನ ಹೆಸರು ನನಗೂ ಮರೆತಿಲ್ಲ ನೋಡು. ನಿನ್ನ ಕಾಗದ ಬಂದು ಎರಡು ವಾರವಾಯಿತು. ಇಲ್ಲಿ ಉಸಿರಾಡಲು ಪುರಸೊತ್ತಿಲ್ಲ. ಜೂನ್ ತಿಂಗಳಲ್ಲಿ ಹೊಸ ನಿರ್ದೇಶಕರ ಆಯ್ಕೆ. ಎಲ್ಲರೂ ನನ್ನ ಹೆಸರನ್ನೇ ಹೇಳುತ್ತಿದ್ದಾರೆ, ಆಗುವವರೆಗೂ ಏನನ್ನೂ ಹೇಳಬಾರದು. ನಿಮ್ಮಣ್ಣನಿಗೆ ಮಂಡಿನೋವು, ಆದರೂ ಕೋರ್ಟಿಗೆ ಹೋಗುವುದನ್ನು ಬಿಟ್ಟಿಲ್ಲ.

ನೀನು ಪ್ರಬಂಧವನ್ನು ಓದಿದ್ದು ತುಂಬ ಸಂತೋಷ. ಅಂಗಡಿ ನಡೆಸಿಕೊಂಡು ಇಷ್ಟು ಆಸಕ್ತಿ ಉಳಿಸಿಕೊಂಡಿದ್ದೀಯಲ್ಲ, ನಮ್ಮ ವಿದ್ಯಾರ್ಥಿಗಳಿಗೆ ನಿನ್ನನ್ನು ತೋರಿಸಬೇಕು. ಆ ಕಾಲದ ಗಾಜಿನ ಫೋಟೋ ಫಲಕಗಳು, ಮಂಕು ಗೆರೆಗಳು, ಯಾರಿಗೆ ಏನು ಕಂಡಿತೋ ಏನು ಬಿಟ್ಟಿತೋ! ಈಗಿನ ಉಪಕರಣಗಳೇ ಬೇರೆ.

ನೀನು ಕೇಳಲು ಸಂಕೋಚಪಟ್ಟಿರುವ ವಿಷಯವನ್ನು ನಾನೇ ಹೇಳುತ್ತೇನೆ. ಮಗಳ ಬಗ್ಗೆ ಚಿಂತೆ ಬೇಡ. ಪದವಿ ಮುಗಿದ ಮೇಲೆ ಅವಳು ನಮ್ಮ ವಿಭಾಗಕ್ಕೇ ಬರಲಿ. ಸೀಟಿನ ಜವಾಬ್ದಾರಿ ನನ್ನದು.

ನಿನ್ನ ಅತ್ತಿಗೆ

*

ಕನ್ನಡಕದ ಅಂಗಡಿಯಿಂದ
9 ಮಾರ್ಚ್ 2001

ಅತ್ತಿಗೆಯವರಿಗೆ,

ಮಗಳ ಸೀಟನ್ನು ನಾನು ಕೇಳಿರಲಿಲ್ಲ. ನನ್ನ ಕಾಗದವನ್ನು ಇನ್ನೊಮ್ಮೆ ಓದಿ. ಅದರಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ, ಹುಡುಕಲು ಭೂತಗನ್ನಡಿ ಬೇಕಾಗಿಲ್ಲ. ನನ್ನ ಬಾಯಿ ಮುಚ್ಚಿಸಲು ಮಗುವಿನ ಭವಿಷ್ಯವನ್ನು ಅಂಗೈ ಮೇಲೆ ಇಟ್ಟು ತೋರಿಸುತ್ತೀರಲ್ಲ, ನಾಚಿಕೆಯಾಗಲಿಲ್ಲವೇ?

‘ಅಂಗಡಿ ನಡೆಸಿಕೊಂಡು ಇಷ್ಟು ಆಸಕ್ತಿ’ ಎಂದಿದ್ದೀರಿ. ಹದಿನೆಂಟು ವರ್ಷದಿಂದ ನಾನು ಈ ಊರಿನ ಜನರ ಕಣ್ಣು ನೋಡುತ್ತಿದ್ದೇನೆ. ಗಿರಾಕಿಯನ್ನು ಕೂರಿಸಿ, ಮೂಗಿನ ಮೇಲೆ ಚೌಕಟ್ಟು ಇಟ್ಟು, ಗಾಜು ಬದಲಾಯಿಸುತ್ತಾ ಕೇಳುತ್ತೇನೆ: “ಇದು ಸ್ಪಷ್ಟವೋ, ಮೊದಲಿಂದು ಸ್ಪಷ್ಟವೋ?” ಅವರು ಹೇಳಿದ್ದನ್ನು ನಂಬುತ್ತೇನೆ. ಯಾಕೆಂದರೆ ಕಂಡದ್ದನ್ನು ಕಂಡ ಹಾಗೆ ಹೇಳುವುದರಲ್ಲಿ ಅವರಿಗೆ ನಷ್ಟವೇನಿಲ್ಲ.

‘ಯಾರಿಗೆ ಏನು ಕಂಡಿತೋ’ ಎಂದು ತೇಲಿಸಬೇಡಿ. ಮೇಷ್ಟ್ರು ಹೇಳಿದ ಪಾದರಸದ ಗೆರೆಗೂ ನಾನು ಹೇಳಿದ ಆಕ್ಸಿಜನ್ ಗೆರೆಗೂ ಗೊಂದಲ ಆಗಬಹುದು ನಿಜ, ಎರಡೂ ಅಕ್ಕಪಕ್ಕದಲ್ಲೇ ಬರುತ್ತವೆ. ಆದರೆ ಬೀದಿದೀಪ ಎಲ್ಲಿಗೂ ಓಡುವುದಿಲ್ಲ. ಚಿಟಿಕೆ ನಮ್ಮಿಂದ ದೂರ ಓಡುತ್ತಿದೆ, ಆದ್ದರಿಂದ ಅದರ ಗೆರೆಗಳೆಲ್ಲ ಕೆಂಪಿನ ಕಡೆಗೆ ಸರಿದಿರುತ್ತವೆ. ನಮ್ಮ ಫಲಕದ ಮೇಲೆ ಆ ಅಂತರ ಒಂದು ತಲೆಗೂದಲಿನ ದಪ್ಪ. ಆ ಒಂದು ಕೂದಲನ್ನು ನೋಡಿ ಹೇಳಲಿ ಎಂದೇ ಮೇಷ್ಟ್ರು ನಿಮ್ಮನ್ನು ಯಂತ್ರದ ಮುಂದೆ ಕೂರಿಸಿದ್ದು.

‘ನೀನು ಯಾಕೆ ಬಿಟ್ಟೆ’ ಎಂದು ಮಗಳು ಚಿಕ್ಕಂದಿನಿಂದ ಕೇಳುತ್ತಾಳೆ. “ಬೀದಿದೀಪವನ್ನ ಗೆಲಾಕ್ಸಿ ಅಂದ್ಕೊಂಡೆ ಕಣೇ” ಎಂದು ಜೋಕು ಮಾಡಿ ಹೇಳುತ್ತಾ ಬಂದಿದ್ದೇನೆ. ಮನೆಯಲ್ಲಿ ಎಲ್ಲರೂ ನಗುತ್ತಾರೆ. ಅಣ್ಣನೂ ನಗುತ್ತಾನೆ. ನೀವೂ ಒಮ್ಮೆ ನಕ್ಕಿದ್ದೀರಿ.

ಗೆರೆ ಎಲ್ಲಿತ್ತು?

ನಿಮ್ಮ ನಾದಿನಿ

*

ವೀಕ್ಷಣಾಲಯದಿಂದ (ಟೈಪು ಮಾಡಿದ್ದು)
20 ಏಪ್ರಿಲ್ 2001

ನಿನ್ನ 9 ಮಾರ್ಚ್ ಪತ್ರ ತಲುಪಿದೆ. 1979ರ ಅಳತೆಗಳ ವಿವರ ಈಗ ನನಗೆ ನೆನಪಿಲ್ಲ. ಆ ಕಾಲದ ದಾಖಲೆಗಳು ಉಗ್ರಾಣ ಬದಲಾಯಿಸುವಾಗ ಚೆಲ್ಲಾಪಿಲ್ಲಿಯಾಗಿವೆ. ಈ ವಿಷಯವನ್ನು ಮುಂದುವರಿಸುವುದರಿಂದ ಯಾರಿಗೂ ಒಳ್ಳೆಯದಾಗದು ಎಂದು ನನ್ನ ಅಭಿಪ್ರಾಯ.

ಆರೋಗ್ಯ ನೋಡಿಕೊ.

*

ಕನ್ನಡಕದ ಅಂಗಡಿಯಿಂದ
30 ಏಪ್ರಿಲ್ 2001

ಇಸ್ತ್ರಿ,

ಇನ್ನು ಅತ್ತಿಗೆ ಇಲ್ಲ, ನೀವು ಇಲ್ಲ. ಹಾಸ್ಟೆಲಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡಾಗ ನೀನು ನನಗೆ ‘ನೀನು’ ಆಗಿದ್ದೆ. ಅಣ್ಣನ ಕೈ ಹಿಡಿದ ದಿನದಿಂದ ‘ನೀವು’ ಆದೆ. ಆ ಬಹುವಚನದ ಹಿಂದೆ ನೀನು ಇಪ್ಪತ್ತು ವರ್ಷ ಹಾಯಾಗಿ ಕೂತಿದ್ದೆ ಎಂದು ಈಗ ಅರ್ಥವಾಗುತ್ತಿದೆ. ಅತ್ತಿಗೆಯ ಜೊತೆ ಜಗಳ ಆಡುವುದು ಹೇಗೆ!

ಆ ಟೈಪು ಮಾಡಿದ ಕಾಗದ ನಿನ್ನ ಭಾಷೆಯಲ್ಲ, ನಿನ್ನ ಗಂಡನ ಭಾಷೆ. ವಕೀಲರ ಮನೆಯಲ್ಲಿ ಮಾತ್ರ ‘ನೆನಪಿಲ್ಲ’ ಎನ್ನುವುದಕ್ಕೆ ಅಷ್ಟು ಹೊಳಪು ಬರುತ್ತದೆ.

ನಿನ್ನೆ ಅವನು ಅಂಗಡಿಗೆ ಬಂದಿದ್ದ. ಓದುವ ಕನ್ನಡಕ ಬದಲಾಯಿಸಬೇಕು ಅಂದ. ಕೂರಿಸಿದೆ. ಒಂದು ಕಣ್ಣು ಮುಚ್ಚಿ ಅಕ್ಷರದ ಬೋರ್ಡು ಓದುತ್ತಾ ಓದುತ್ತಾ ಮೂರನೇ ಸಾಲಿಗೆ ಬಂದವನು ನಿಲ್ಲಿಸಿ, “ಒಂದು ಗೆರೆಗೋಸ್ಕರ ಮನೆ ಮುರೀತೀಯಾ?” ಎಂದು ಕೇಳಿದ.

“ನಾನು ಪ್ರಶ್ನೆ ಕೇಳಿದೀನಿ ಅಣ್ಣಾ, ಅಷ್ಟೆ. ಉತ್ತರ ಹೇಳಿದರೆ ಮನೆ ಮುರಿಯುತ್ತೆ ಅಂತ ನಿನಗೆ ಹೇಗೆ ಗೊತ್ತು?”

ಅವನು ಆ ಚೌಕಟ್ಟನ್ನು ತೆಗೆದು ಮೇಜಿನ ಮೇಲಿಟ್ಟ. “ಅವಳು ಆಗಲೇ ಸಾಕಷ್ಟು ಅತ್ತಿದಾಳೆ. ಮದುವೆಗೆ ಮುಂಚೆ ನನ್ನೆದುರು ಕೂತು ಎರಡು ಗಂಟೆ ಅತ್ತಳು. ಮುಗಿದ ಕತೆ ಬಿಡು.”

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಅಷ್ಟು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಬಾಯಿ ಬಿಡಿಸಿದವನು ತಂಗಿಯ ಕುರ್ಚಿಯಲ್ಲಿ ಕೂತು ತಾನೇ ಬಾಯಿ ಬಿಟ್ಟ. ಕನ್ನಡಕ ತೆಗೆದುಕೊಳ್ಳದೆ ಎದ್ದು ಹೋದ.

ಅಂದರೆ ಅವನಿಗೂ ಗೊತ್ತಿತ್ತು. ಬೀದಿದೀಪದ ಜೋಕಿಗೆ ಅವನು ನಕ್ಕದ್ದು ಗೊತ್ತಿದ್ದೇ. ನಾನು ಯಾವ ಸುಖಕ್ಕೆ ನಿಮ್ಮಿಬ್ಬರನ್ನು ಮನೆಯವರು ಅಂದುಕೊಂಡಿದ್ದೆ?

ಗೆರೆ ಎಲ್ಲಿತ್ತು, ಇಸ್ತ್ರಿ? ಈ ಸಲ ನಿನ್ನ ಕೈಬರಹದಲ್ಲಿ ಬರಲಿ.

*

ವೀಕ್ಷಣಾಲಯದಿಂದ
2 ಜೂನ್ 2001

ಭೂತಗನ್ನಡಿ,

ಕೈಬರಹದಲ್ಲೇ ಬರೆಯುತ್ತಿದ್ದೇನೆ. ನಾಲ್ಕು ಹಾಳೆ ಹರಿದು ಹಾಕಿದ್ದೇನೆ, ಇದು ಐದನೆಯದು.

ಗೆರೆ ನೀನು ಹೇಳಿದ ಜಾಗದಲ್ಲೇ ಇತ್ತು. ಮೂರು ಸಲ ಅಳೆದೆ. ಮೂರು ಸಲವೂ ದೀಪದ ಗೆರೆಯಿಂದ ಒಂದು ಕೂದಲಿನಷ್ಟು ಕೆಂಪಿನ ಕಡೆಗೆ. ಉಳಿದ ಗೆರೆಗಳೆಲ್ಲ ಎಷ್ಟು ಸರಿದಿದ್ದವೋ ಅಷ್ಟೇ ಅದೂ ಸರಿದಿತ್ತು. ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಮೇಷ್ಟ್ರ ಕೋಣೆಗೆ ತೆಗೆದುಕೊಂಡು ಹೋದೆ. ಖುಷಿಯಲ್ಲೇ ಹೋದೆ, ನಂಬುತ್ತೀಯೋ ಇಲ್ಲವೋ.

ಅವರು ಚೀಟಿಯನ್ನು ಬಹಳ ಹೊತ್ತು ನೋಡಿದರು. ಕುಬ್ಜ ಗೆಲಾಕ್ಸಿಗಳಲ್ಲಿ ಆಕ್ಸಿಜನ್‌ನಂಥ, ನಾವು ‘ಲೋಹ’ ಎನ್ನುವ ವಸ್ತುಗಳು ಅಷ್ಟು ಕಡಿಮೆ ಇರಲಾರವು ಎಂದು ಹತ್ತು ವರ್ಷ ಬರೆದವರು ಅವರು. “ಇವಳದ್ದು ಸರಿ ಅಂದ್ರೆ ನಾನು ಬರೆದಿದ್ದೆಲ್ಲ ಹರಿದು ಹಾಕಬೇಕು, ಅಲ್ವೇನಮ್ಮಾ?” ಅಂದರು. ನಕ್ಕೇ ಅಂದರು. ಆಮೇಲೆ, “ಈ ವರ್ಷ ಒಂದೇ ಹುದ್ದೆ ಖಾಲಿ ಇದೆ. ನೀವಿಬ್ಬರೂ ಅರ್ಜಿ ಹಾಕಿದೀರಿ. ನಿನ್ನ ಕಣ್ಣು ದಣಿದಿರಬೇಕು. ಇನ್ನೊಂದು ಸಲ ನೋಡ್ಕೊಂಡು ಬಾ” ಅಂದರು. ಗದರಲಿಲ್ಲ, ಬೆದರಿಸಲಿಲ್ಲ. ಚೀಟಿಯನ್ನು ನನ್ನ ಕೈಗೇ ವಾಪಸು ಕೊಟ್ಟರು.

ನಾನು ಮತ್ತೆ ನೋಡಲಿಲ್ಲ. ಯಂತ್ರದ ಕೋಣೆಗೆ ಹೋಗಿ, ದೀಪ ಹಾಕಿಕೊಂಡು, ಸುಮ್ಮನೆ ಕೂತು, ಗೆರೆ ದೀಪದ ಜಾಗದಲ್ಲೇ ಇದೆ ಎಂದು ಎರಡನೆಯ ಚೀಟಿ ಬರೆದೆ.

ನಿಮ್ಮಣ್ಣನಿಗೆ ಮದುವೆಗೆ ಮುಂಚೆ ಹೇಳಿದ್ದು ನಿಜ. ಅವರು “ಅವಳು ಮರೆತಿದಾಳೆ, ಕೆದಕಬೇಡ” ಎಂದರು. ಕೆದಕದಿರಲು ಯಾರಾದರೂ ಹೇಳಲಿ ಎಂದೇ ನಾನು ಕಾದಿದ್ದೆನೇನೋ.

ಚಿಟಿಕೆಯನ್ನು ನೋಡಲು ದೊಡ್ಡ ದೂರದರ್ಶಕದ ಸಮಯ ಕೇಳಿ ನಾನು ಆರು ವರ್ಷ ಅರ್ಜಿ ಹಾಕಿದ್ದೇನೆ. ಐದು ಸಲ ತಿರಸ್ಕರಿಸಿದರು. ಹೊಸ ಉಪಕರಣದಲ್ಲಿ ಆ ಗೆರೆ ಎದ್ದು ಕಂಡರೆ ನಿನ್ನ ಮಾತು ತಾನಾಗಿಯೇ ಸರಿಯಾಗುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡಿದ್ದೆ. ಗೆರೆ ಪರದೆಯ ಮೇಲೆ ಮೂಡಿದಾಗ ಪಕ್ಕದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈ ತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದೆ.

ಕ್ಷಮಿಸು ಎಂದು ಬರೆಯಲು ಧೈರ್ಯವಿಲ್ಲ.

ಇಸ್ತ್ರಿ

*

ಕನ್ನಡಕದ ಅಂಗಡಿಯಿಂದ
6 ಜೂನ್ 2001

ಇಸ್ತ್ರಿ,

ಧೈರ್ಯವಿಲ್ಲದ್ದು ಒಳ್ಳೆಯದೇ ಆಯಿತು. ಬರೆದಿದ್ದರೆ ಆ ಹಾಳೆಯನ್ನೂ ಹರಿಯುತ್ತಿದ್ದೆ.

ನಿನಗೆ ತಪ್ಪು ಮಾಡಿದ ನೋವಿತ್ತು. ಅದಕ್ಕೆ ಪ್ರಾಯಶ್ಚಿತ್ತವೂ ಸಿಕ್ಕಿತು. ಆ ಪ್ರಾಯಶ್ಚಿತ್ತಕ್ಕೆ ಪತ್ರಿಕೆಯಲ್ಲಿ ನಾಲ್ಕು ಪುಟವೂ ಬಂತು! ನನ್ನ ಗೆರೆಯನ್ನು ಮೊದಲ ಸಲ ಅಳಿಸಿದವಳೂ ನೀನೇ, ಎರಡನೆಯ ಸಲ ಕಂಡುಹಿಡಿದವಳೂ ನೀನೇ. ನಡುವೆ ನಾನು ಯಾರು?

ನನ್ನಿಂದ ಏನು ಹೋಯಿತು ಅಂತ ನಿನಗೆ ಗೊತ್ತಿಲ್ಲ. ಹುದ್ದೆ ಹೋಯಿತು ಅಂದುಕೊಂಡಿದ್ದೀಯ. ಹುದ್ದೆ ಹಾಳಾಗಲಿ. ನನ್ನ ಕಣ್ಣಿನ ಮೇಲೆ ನನಗಿದ್ದ ನಂಬಿಕೆ ಹೋಯಿತು. ಈ ಅಂಗಡಿಯಲ್ಲಿ ಹದಿನೆಂಟು ವರ್ಷದಿಂದ ನಾನು ಯಾವ ಗಾಜನ್ನೂ ಒಂದೇ ಸಲ ಅಳೆದು ಕೊಟ್ಟವಳಲ್ಲ. ಮೂರು ಸಲ, ನಾಲ್ಕು ಸಲ. ಗಿರಾಕಿಗಳು ‘ಈಕೆಗೆ ಎಷ್ಟು ಶ್ರದ್ಧೆ’ ಅನ್ನುತ್ತಾರೆ. ಶ್ರದ್ಧೆಯಲ್ಲ, ಹೆದರಿಕೆ. ಆ ಹೆದರಿಕೆಯನ್ನು ಪೆನ್ಸಿಲಿನಿಂದ ಚೀಟಿಯಲ್ಲಿ ಬರೆದು ನನಗೆ ಕೊಟ್ಟವಳು ನೀನು.

ಚಿಟಿಕೆಯಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತವೆ, ಅವುಗಳ ಉರಿಗೆ ಸುತ್ತಲಿನ ಅನಿಲದ ಎಲೆಕ್ಟ್ರಾನ್‌ಗಳು ಕಿತ್ತು ಹೋಗಿ ಅದು ಹೊಳೆಯುತ್ತದೆ, ತಣಿಸುವ ಲೋಹ ಇಲ್ಲದ್ದರಿಂದ ಕಾವು ಆರುವುದೇ ಇಲ್ಲ ಎಂದು ಚಂದವಾಗಿ ಬರೆದಿದ್ದೀಯ. ಆ ವಾಕ್ಯಗಳೂ ನನ್ನ ಕರಡು ಪ್ರಬಂಧದ ಎರಡನೇ ಅಧ್ಯಾಯದಲ್ಲಿವೆ. ನನ್ನ ಬಳಿ ಪ್ರತಿ ಇದೆ.

ನಿನ್ನ ಕಣ್ಣೀರು ನನಗೆ ಬೇಡ. ಪ್ರಬಂಧ ಅಚ್ಚಾದ ಪತ್ರಿಕೆಯಲ್ಲೇ ತಿದ್ದುಪಡಿ ಬರಬೇಕು. ಯಾರು ಮೊದಲು ಅಳೆದರು, ಯಾರು ಮತ್ತೆ ಅಳೆದರು, ಏನು ಕಂಡಿತು, ಏನು ಬರೆದುಕೊಟ್ಟರು, ನಾಲ್ಕೂ ಬರಬೇಕು.

*

ವೀಕ್ಷಣಾಲಯದಿಂದ
19 ಜುಲೈ 2001

ಭೂತಗನ್ನಡಿ,

ಸಂಪಾದಕರಿಗೆ ಕಳಿಸಲು ಕರಡು ಬರೆದಿದ್ದೇನೆ: ‘ಈ ಗೆಲಾಕ್ಸಿಯ ಕುರಿತು 1979ರಲ್ಲಿ ಅಪ್ರಕಟಿತ ಅಳತೆಯೊಂದು ನಡೆದಿದ್ದು, ಅದರ ಫಲಿತಾಂಶ ನಮ್ಮದಕ್ಕೆ ಹೊಂದುತ್ತದೆ ಎಂಬುದನ್ನು ಉಲ್ಲೇಖಿಸಲು ಬಿಟ್ಟುಹೋಗಿದ್ದಕ್ಕೆ ವಿಷಾದಿಸುತ್ತೇವೆ.’ ನಿನ್ನ ಹೆಸರನ್ನು ಕೆಳಗೆ ಕೊಡುತ್ತೇನೆ.

ನಿರ್ದೇಶಕರ ಆಯ್ಕೆ ಸೆಪ್ಟೆಂಬರಿಗೆ ಮುಂದೆ ಹೋಗಿದೆ. ಇದಕ್ಕಿಂತ ಹೆಚ್ಚು ಬರೆದರೆ ಸತ್ತುಹೋದ ಮೇಷ್ಟ್ರ ಹೆಸರನ್ನೂ ಎಳೆದಂತಾಗುತ್ತದೆ. ಮೂರು ವರ್ಷವೂ ಆಗಿಲ್ಲ, ಅವರ ಮನೆಯವರಿದ್ದಾರೆ. ಸ್ವಲ್ಪ ಯೋಚಿಸು.

*

ಕನ್ನಡಕದ ಅಂಗಡಿಯಿಂದ
23 ಜುಲೈ 2001

‘ಬಿಟ್ಟುಹೋಗಿದ್ದಕ್ಕೆ.’ ಅದು ತಾನಾಗಿ ಬಿಟ್ಟುಹೋಯಿತೇ? ಬಸ್ಸಿನಲ್ಲಿ ಕೊಡೆ ಬಿಟ್ಟುಹೋದ ಹಾಗೆ?

ನೀನು ಸುಳ್ಳಿಗೂ ಇಸ್ತ್ರಿ ಹಾಕುತ್ತೀಯ. ಮೇಷ್ಟ್ರ ಹೆಸರು ಬೇಡ. ಅವರು ಚೀಟಿಯನ್ನು ನಿನ್ನ ಕೈಗೆ ವಾಪಸು ಕೊಟ್ಟರು. ಎರಡನೆಯದನ್ನು ಬರೆದ ಕೈ ಯಾವುದು ಎಂದು ಬರೆ. ನಿನ್ನ ಕರಡನ್ನು ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆ ಕಳಿಸಿದ್ದೇನೆ. ಹಾಗೆ ಬರೆಯಲು ಆಗದಿದ್ದರೆ ಏನನ್ನೂ ಬರೆಯಬೇಡ. ನಾನು ನನ್ನ ಪ್ರತಿಯನ್ನೂ ನಿನ್ನ ಜೂನ್ ಕಾಗದವನ್ನೂ ಸಂಪಾದಕರಿಗೆ ಕಳಿಸುತ್ತೇನೆ.

*

ವೀಕ್ಷಣಾಲಯದಿಂದ
15 ಅಕ್ಟೋಬರ್ 2001

ಭೂತಗನ್ನಡಿ,

ಮೂರು ತಿಂಗಳು ನಾನು ಬರೆಯಲಿಲ್ಲ, ನೀನೂ ಸಂಪಾದಕರಿಗೆ ಏನನ್ನೂ ಕಳಿಸಲಿಲ್ಲ. ಪ್ರತಿದಿನ ಅಂಚೆಯ ಹೊತ್ತಿಗೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಯಾಕೆ ಕಳಿಸಲಿಲ್ಲವೋ ನನಗೆ ಗೊತ್ತಿಲ್ಲ. ಕೊನೆಗೆ ಆಗಸ್ಟ್ ಕೊನೆಯ ವಾರ ನಾನೇ ಕಳಿಸಿದೆ. ನಿಮ್ಮಣ್ಣನಿಗೆ ತೋರಿಸದೆ ಕಳಿಸಿದೆ. ಅಚ್ಚಾದದ್ದು ಹೀಗಿದೆ:

‘ಈ ರೇಖೆಯನ್ನು ಮೊದಲು ಅಳೆದವರು ಇದೇ ವೀಕ್ಷಣಾಲಯದ ಸಂಶೋಧನಾ ವಿದ್ಯಾರ್ಥಿನಿ, 1979ರಲ್ಲಿ. ಮರುಅಳತೆಯ ಕೆಲಸ ನನ್ನದಾಗಿತ್ತು. ನನ್ನ ಅಳತೆ ಅವರದಕ್ಕೆ ಪೂರ್ತಿ ಹೊಂದಿತ್ತು. ಹೊಂದಲಿಲ್ಲವೆಂದು ನಾನು ಸುಳ್ಳು ವರದಿ ಬರೆದುಕೊಟ್ಟೆ. ಅದರಿಂದ ಅವರ ಪ್ರಬಂಧ ನಿಂತುಹೋಯಿತು. ನಮ್ಮ ಲೇಖನದಲ್ಲಿ ‘ಇದೇ ಮೊದಲ ಬಾರಿಗೆ’ ಎಂದಿರುವುದು ತಪ್ಪು.’

ಅದರ ಕೆಳಗೆ ನಿನ್ನ ಪೂರ್ತಿ ಹೆಸರು, ನಿನ್ನ ಅಳತೆ, ನಿನ್ನ ಕರಡು ಪ್ರಬಂಧದ ತಾರೀಖು ಇದೆ.

ನಿರ್ದೇಶಕರಾಗಿ ಬೇರೆಯವರು ಬಂದರು. ನನ್ನ ಮೇಲೆ ವಿಚಾರಣೆ ಕೂರಿಸಿದ್ದಾರೆ. ಊಟದ ಕೋಣೆಗೆ ಹೋದರೆ ನನ್ನ ಮೇಜು ಖಾಲಿಯಾಗುತ್ತದೆ. ನಿಮ್ಮಣ್ಣ ಮಾತಾಡಿ ಹದಿನೈದು ದಿನವಾಯಿತು. ಕನಿಕರಕ್ಕಾಗಿ ಬರೆಯುತ್ತಿಲ್ಲ. ನಿನಗೆ ಬೇರೆ ಯಾರಿಂದಲೋ ಗೊತ್ತಾಗುವುದು ಬೇಡ ಅಂತ.

ಇಸ್ತ್ರಿ

*

ಕನ್ನಡಕದ ಅಂಗಡಿಯಿಂದ
28 ಅಕ್ಟೋಬರ್ 2001

ಇಸ್ತ್ರಿ,

ಓದಿದೆ. ಗಿರಾಕಿಯೊಬ್ಬರು ಕಣ್ಣಿಗೆ ಹನಿ ಹಾಕಿಸಿಕೊಂಡು ಕೂತಿದ್ದರು, ಅವರನ್ನು ಮರೆತು ನಿಂತುಕೊಂಡೇ ಮೂರು ಸಲ ಓದಿದೆ. ನಾನು ತಿದ್ದಿ ಕಳಿಸಿದ್ದಕ್ಕಿಂತ ನೀನೇ ಗಟ್ಟಿಯಾಗಿ ಬರೆದಿದ್ದೀಯ. ‘ಸುಳ್ಳು’ ಎಂಬ ಪದವನ್ನು ನಾನು ಬರೆದಿರಲಿಲ್ಲ.

ಇದಾದ ಮೇಲೆ ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲಿಲ್ಲ. ಜುಲೈನಿಂದ ನಾಲ್ಕು ಸಲ ಲಕೋಟೆಗೆ ಅಂಚೆ ಚೀಟಿ ಹಚ್ಚಿ, ನಾಲ್ಕು ಸಲ ಡ್ರಾಯರಿಗೆ ವಾಪಸು ಹಾಕಿದೆ. ನಿನ್ನ ಮೇಲಿನ ಪ್ರೀತಿಯಿಂದಲ್ಲ. ನೀನೇ ಹೇಳಬೇಕು, ನಿನ್ನ ಬಾಯಿಂದಲೇ ಬರಬೇಕು ಎಂಬ ಹಟದಿಂದ.

ಮಗಳಿಗೆ ಎಲ್ಲ ಹೇಳಿದೆ. ಬೀದಿದೀಪದ ಜೋಕು ಇನ್ನು ಈ ಮನೆಯಲ್ಲಿ ಬೇಡ ಎಂದೆ. ಅವಳು ನಿನ್ನನ್ನು ಬೈಯುತ್ತಾಳೆ ಎಂದು ಕಾದಿದ್ದೆ. ಅವಳು ಕೇಳಿದ್ದೇ ಬೇರೆ. “ಫಲಕ ಅಲ್ಲೇ ಇತ್ತಲ್ಲಮ್ಮಾ. ‘ಕೊಡಿ, ನಾನೇ ಇನ್ನೊಂದ್ಸಲ ನೋಡ್ತೀನಿ’ ಅಂತ ನೀನು ಯಾಕೆ ಕೇಳ್ಲಿಲ್ಲ?”

“ಚಿಕ್ಕವಳು, ಬಾಯಿ ಮುಚ್ಚು” ಎಂದು ಗದರಿದೆ. ಎದ್ದು ಹೋಗಿ ಅಂಗಡಿಯ ಬಾಗಿಲು ಹಾಕಿದೆ. ಅವಳು ಕೇಳಿದ್ದು ಸರಿ. ಕೂದಲಿನ ಲೆಕ್ಕ ನನಗೆ ಆವತ್ತೂ ಗೊತ್ತಿತ್ತು. ಮೇಷ್ಟ್ರ ಮೇಜಿನ ಮೇಲೆ ಫಲಕ ಇತ್ತು, ಕೈಗೆ ಎಟುಕುವಷ್ಟು ಹತ್ತಿರ. ನಾನು ತಲೆ ತಗ್ಗಿಸಿ ಹೊರಗೆ ಬಂದೆ. ನೀನು ನನ್ನ ಗೆರೆಯನ್ನು ಅಳಿಸಿದೆ, ನಿಜ. ಅದು ದೀಪದ ಗೆರೆ ಎಂದಾಗ ಇನ್ನೊಮ್ಮೆ ನೋಡಲೂ ಹೋಗದವಳು ನಾನು. ಈ ಸಿಟ್ಟನ್ನು ಯಾರ ಮೇಲೆ ಹಾಕಲಿ ಎಂದು ತಿಳಿಯದೆ ಎರಡು ದಿನ ಗ್ರೈಂಡರಿನ ಮುಂದೆ ಕೂತು ಗಾಜು ಉಜ್ಜಿದೆ.

ಅಣ್ಣ ನಿನ್ನೊಂದಿಗೆ ಮಾತಾಡದಿದ್ದರೆ ನನ್ನ ಬಳಿ ಕಳಿಸು. ಅವನಿಗೆ ಹೇಳಬೇಕಾದ್ದು ನನ್ನ ಹತ್ತಿರವೂ ಇದೆ, ಅವನ ಕನ್ನಡಕವೂ ತಯಾರಿದೆ.

ನೀನು ಸದ್ಯಕ್ಕೆ ಬರಬೇಡ. ಬಂದರೆ ಚಹಾ ಕೊಡುವಷ್ಟು ದೊಡ್ಡ ಮನಸ್ಸು ನನ್ನಲ್ಲಿಲ್ಲ.

ಒಂದು ಕೆಲಸ ಮಾಡು. ಚಿಟಿಕೆಯ ಹೊಸ ರೋಹಿತದ ಕಚ್ಚಾ ದತ್ತಾಂಶವನ್ನು ಪೂರ್ತಿಯಾಗಿ ಕಳಿಸು. ದೀಪದ ಗೆರೆಯನ್ನು ಬೇರೆ ಮಾಡಿ ನೋಡಲು ಪಕ್ಕದ ಖಾಲಿ ಆಕಾಶದ್ದೂ ಇರಲಿ. ನಿನ್ನ ಪಟ್ಟಿ ಬೇಡ, ನಿನ್ನ ಸಂಖ್ಯೆ ಬೇಡ, ವಿವರಣೆಯೂ ಬೇಡ. ಕಂಪ್ಯೂಟರಿನಲ್ಲಿ ಅದನ್ನು ತೆರೆಯುವುದು ಹೇಗೆಂದು ಮಗಳು ಕಲಿಸುತ್ತಾಳೆ. ಗೆರೆಯ ಮೇಲೆ ಕಣ್ಣಿಡುವವಳು ನಾನು.

ನಾನು ಬರೆಯುವವರೆಗೆ ಕಾಗದ ಹಾಕಬೇಡ. ಅಳೆದು ಮುಗಿದ ಮೇಲೆ ನನಗೆ ಬಂದದ್ದನ್ನು ತಿಳಿಸುತ್ತೇನೆ. ಹದಿನೆಂಟು ಸಾವಿರದ ಒಂದು ನೂರು ತಪ್ಪಾಗಿದ್ದರೆ, ತಪ್ಪು ಅಂತಲೇ ಬರೆಯುತ್ತೇನೆ.